ಮೊಬೈಲ್ ಇದ್ದರೆ ಯಾರು ಬೇಕಾದರೂ ಆನ್‌ಲೈನ್ ಅರ್ಜಿ ಹಾಕಬಹುದಾ? ಕಣ್ಣು ಕಾಣದವರನ್ನು ವೆಬ್‌ಸೈಟ್ ಎಲ್ಲಿ ತಡೆಯುತ್ತದೆ ನೋಡಿ

"ಮನೆಯಲ್ಲೇ ಕುಳಿತು ಮೊಬೈಲ್‌ನಲ್ಲೇ ಅರ್ಜಿ ಹಾಕಿ, ಕಚೇರಿಗೆ ಅಲೆಯಬೇಕಿಲ್ಲ, ಎಲ್ಲರಿಗೂ ಶೇರ್ ಮಾಡಿ." ಹೊಸ ಯೋಜನೆ ಬಂದಾಗಲೆಲ್ಲ ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರುತ್ತದೆ. ಯೋಜನೆ ನಿಜ, ಲಿಂಕ್ ನಿಜ, ಕೊನೆಯ ದಿನಾಂಕವೂ ನಿಜ ಎಂದೇ ಇಟ್ಟುಕೊಳ್ಳೋಣ. ಆದರೂ ಅದರಲ್ಲಿ ಒಂದು ಮಾತನ್ನು ನಾವು ಯಾರೂ ಪರೀಕ್ಷಿಸುವುದಿಲ್ಲ: ಮೊಬೈಲ್ ಇದ್ದರೆ ಸಾಕು, ಯಾರು ಬೇಕಾದರೂ ಅರ್ಜಿ ಹಾಕಬಹುದು ಎನ್ನುವ ಮಾತು.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆ ಜನಗಣತಿ ಎಣಿಸಿದ್ದು ಎಂಟು ಗುಂಪುಗಳನ್ನು ಮಾತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸುತ್ತದೆ. ಇವರಿಗೂ ಪಡಿತರ ಚೀಟಿ ಬೇಕು, ಪಿಂಚಣಿ ಬೇಕು, ವಿದ್ಯಾರ್ಥಿವೇತನ ಬೇಕು, ಕರೆಂಟ್ ಬಿಲ್ ಕಟ್ಟಬೇಕು. ಇವೆಲ್ಲ ಈಗ ಒಂದೊಂದಾಗಿ ವೆಬ್‌ಸೈಟಿಗೆ ಹೋಗಿವೆ. ವೈಕಲ್ಯದ ಪ್ರಮಾಣಪತ್ರವನ್ನೇ ನೋಡಿ: 2021ರ ಜೂನ್ 1ರಿಂದ ಅದನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂದರೆ "ನನಗೆ ಕಣ್ಣು ಕಾಣುವುದಿಲ್ಲ" ಎಂದು ಹೇಳುವ ಕಾಗದವೂ ಒಂದು ವೆಬ್‌ಸೈಟ್ ದಾಟಿಯೇ ಬರಬೇಕು.

ಹಾಗಾದರೆ ಆ ವೆಬ್‌ಸೈಟ್ ಇವರಿಗೆ ಬಳಸಲು ಬರುವಂತೆ ಇದೆಯಾ ಎಂಬುದು ಸಣ್ಣ ಪ್ರಶ್ನೆ ಅಲ್ಲ.

ಕಣ್ಣು ಕಾಣದವರಿಗೆ ಸ್ಮಾರ್ಟ್‌ಫೋನ್ ಏಕೆ?

ಮೊದಲು ಈ ತಪ್ಪು ಕಲ್ಪನೆಯನ್ನು ಬಿಡಿಸೋಣ. ಕಣ್ಣು ಕಾಣದವರು ಸ್ಮಾರ್ಟ್‌ಫೋನ್ ಬಳಸುತ್ತಾರೆ, ಚೆನ್ನಾಗಿಯೇ ಬಳಸುತ್ತಾರೆ. ಅದಕ್ಕೆ ಬೇರೆ ಫೋನ್ ಕೊಳ್ಳಬೇಕಿಲ್ಲ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಐಫೋನಿನಲ್ಲಿ ಅದರ ಹೆಸರು ವಾಯ್ಸ್‌ಓವರ್. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇವನ್ನೆಲ್ಲ ಸೇರಿಸಿ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಪರದೆಯ ಮೇಲೆ ಇರುವುದನ್ನು ಅದು ಓದಿ ಹೇಳುತ್ತದೆ, ಕನ್ನಡದಲ್ಲೂ ಓದುತ್ತದೆ.

ಟಾಕ್‌ಬ್ಯಾಕ್ ಹಾಕಿದ ಫೋನಿನಲ್ಲಿ ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ, ಎಡಕ್ಕೆ ಸವರಿದರೆ ಹಿಂದಿನದಕ್ಕೆ. ಎರಡು ಸಲ ತಟ್ಟಿದರೆ ಒತ್ತಿದಂತೆ. ರೂಢಿಯಾದವರು ಅದನ್ನು ಎಷ್ಟು ವೇಗದಲ್ಲಿ ಇಟ್ಟುಕೊಂಡು ಕೇಳುತ್ತಾರೆಂದರೆ, ಪಕ್ಕದಲ್ಲಿರುವ ನಮಗೆ ಅದು ಯಾವ ಭಾಷೆ ಎಂದೂ ತಿಳಿಯುವುದಿಲ್ಲ.

ಆದರೆ ಒಂದು ವಿಷಯ ನೆನಪಿಡಿ. ಸ್ಕ್ರೀನ್ ರೀಡರ್ ನಮ್ಮ ಹಾಗೆ ಪುಟವನ್ನು ನೋಡುವುದಿಲ್ಲ. ಪುಟದ ಹಿಂದೆ ಬರೆದಿರುವ ಕೋಡನ್ನು ಓದುತ್ತದೆ. ಅರ್ಜಿಯಲ್ಲಿ ಒಂದು ಖಾಲಿ ಚೌಕವಿದೆ, ಅದರ ಪಕ್ಕ "ತಂದೆಯ ಹೆಸರು" ಎಂದು ಬರೆದಿದೆ ಎಂದುಕೊಳ್ಳಿ. ಕಣ್ಣಿಗೆ ಎರಡೂ ಅಕ್ಕಪಕ್ಕ ಕಾಣುವುದರಿಂದ ನಮಗೆ ಅರ್ಥವಾಗುತ್ತದೆ. ಆದರೆ ಈ ಬರಹ ಈ ಚೌಕಕ್ಕೆ ಸೇರಿದ್ದು ಎಂದು ಕೋಡಿನಲ್ಲಿ ಹೇಳದಿದ್ದರೆ, ಆ ಚೌಕಕ್ಕೆ ಬಂದಾಗ ಫೋನ್ "ಎಡಿಟ್ ಬಾಕ್ಸ್" ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಅಂಥ 20 ಚೌಕಗಳಿರುವ ಅರ್ಜಿಯಲ್ಲಿ 20 ಸಲ "ಎಡಿಟ್ ಬಾಕ್ಸ್". ಯಾವುದರಲ್ಲಿ ಹೆಸರು, ಯಾವುದರಲ್ಲಿ ಖಾತೆ ಸಂಖ್ಯೆ? ಕೆಳಗೆ ಬಾಣದ ಗುರುತಿನ ಚಿತ್ರವೊಂದು ಇರುತ್ತದೆ, ಅದೇ ಸಲ್ಲಿಸುವ ಬಟನ್. ಚಿತ್ರಕ್ಕೆ ಹೆಸರು ಕೊಡದಿದ್ದರೆ "ಹೆಸರಿಲ್ಲದ ಬಟನ್" ಎಂಬ ಅರ್ಥದ ಮಾತು ಬರುತ್ತದೆ, ಅಷ್ಟೇ.

ಇದನ್ನು ಸರಿಪಡಿಸುವುದು ದೊಡ್ಡ ವಿಜ್ಞಾನವೇನಲ್ಲ. ಚೌಕಕ್ಕೂ ಬರಹಕ್ಕೂ ನಂಟು ಹಾಕುವುದು, ಬಟನ್‌ಗೆ ಹೆಸರು ಕೊಡುವುದು, ಎರಡೂ ವೆಬ್ ಪುಟ ಬರೆಯಲು ಕಲಿಯುವವರಿಗೆ ಆರಂಭದಲ್ಲೇ ಹೇಳಿಕೊಡುವ ಪಾಠ. ಹಾಗಿದ್ದೂ ಇದು ಎಲ್ಲ ಕಡೆ ತಪ್ಪುತ್ತದೆ. ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ಪ್ರತಿ ವರ್ಷ ಜಗತ್ತಿನ ಹತ್ತು ಲಕ್ಷ ಜನಪ್ರಿಯ ವೆಬ್‌ಸೈಟುಗಳ ಮುಖಪುಟವನ್ನು ಪರೀಕ್ಷಿಸುತ್ತದೆ. 2025ರಲ್ಲಿ ಅವುಗಳಲ್ಲಿ ಶೇಕಡ 94.8ರಷ್ಟು ಪುಟಗಳಲ್ಲಿ ದೋಷ ಸಿಕ್ಕಿತು. ಅದೂ ಯಂತ್ರ ತಾನಾಗಿ ಹಿಡಿಯಬಲ್ಲ ದೋಷಗಳು ಮಾತ್ರ.

ಕ್ಯಾಪ್ಚಾ ಎಂಬ ಗೋಡೆ

ಅರ್ಜಿಯನ್ನು ಹೇಗೋ ತುಂಬಿದ್ದಾಯಿತು. ಕೊನೆಯಲ್ಲಿ ಸೊಟ್ಟ ಸೊಟ್ಟ ಅಕ್ಷರಗಳ ಒಂದು ಚಿತ್ರ ಬರುತ್ತದೆ, ಇದರಲ್ಲಿರುವುದನ್ನು ಟೈಪ್ ಮಾಡಿ ಎನ್ನುತ್ತದೆ. ಅರ್ಜಿ ಹಾಕುತ್ತಿರುವುದು ಮನುಷ್ಯನೋ ಕಂಪ್ಯೂಟರ್ ಪ್ರೋಗ್ರಾಮೋ ಎಂದು ತಿಳಿಯಲು ಇಟ್ಟ ಪರೀಕ್ಷೆ ಇದು. ಯಂತ್ರಕ್ಕೆ ಓದಲು ಬರಬಾರದು ಎಂದೇ ಅದನ್ನು ಮಾಡಿರುವುದರಿಂದ ಸ್ಕ್ರೀನ್ ರೀಡರಿಗೂ ಓದಲು ಬರುವುದಿಲ್ಲ. ಕಣ್ಣು ಕಾಣದ ಮನುಷ್ಯ ಆ ಪರೀಕ್ಷೆಯ ಲೆಕ್ಕದಲ್ಲಿ ಮನುಷ್ಯನೇ ಅಲ್ಲ! ಕೆಲವು ಕಡೆ ಧ್ವನಿ ಕ್ಯಾಪ್ಚಾ ಇರುತ್ತದೆ, ಅದರಲ್ಲೂ ಗದ್ದಲ ಸೇರಿಸಿದ ಇಂಗ್ಲಿಷ್ ಅಂಕಿಗಳು. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ, ಕಿವಿಯೂ ಸ್ವಲ್ಪ ಮಂದವಾಗಿರುವ ಅಜ್ಜಿಯೊಬ್ಬರು ಅದನ್ನು ಹೇಗೆ ದಾಟಬೇಕು?

"ಆದರೆ ಭದ್ರತೆಗೆ ಅದು ಬೇಕಲ್ಲವಾ?" ಎಂದು ಕೇಳಬಹುದು. ಈ ವಾದ ಈಗ ಸೊರಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,400 ಜನರಿಂದ ಕ್ಯಾಪ್ಚಾ ಬಿಡಿಸಿ ನೋಡಿದರು. ಅದನ್ನು ಬಾಟ್‌ಗಳ ಸಾಧನೆಯ ಜೊತೆ ಹೋಲಿಸಿದಾಗ ಬಾಟ್‌ಗಳೇ ಹೆಚ್ಚು ವೇಗವಾಗಿಯೂ ಹೆಚ್ಚು ಸರಿಯಾಗಿಯೂ ಬಿಡಿಸುತ್ತವೆ ಎಂದು ಕಂಡುಬಂತು. ಯಾರನ್ನು ತಡೆಯಲು ಗೋಡೆ ಕಟ್ಟಿದರೋ ಅವರು ಹಾರಿ ಹೋಗುತ್ತಿದ್ದಾರೆ, ಒಳಗೆ ಬರಬೇಕಾದವರು ಹೊರಗೆ ನಿಂತಿದ್ದಾರೆ. ಮೊಬೈಲ್‌ಗೆ ಒಟಿಪಿ ಹೇಗೂ ಕಳಿಸುತ್ತೀರಿ. ಅದರ ಮೇಲೆ ಇದೊಂದು ಬೇಕೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಒಟಿಪಿ ಎಂದಾಗ ನೆನಪಾಯಿತು. ಈ ಎಲ್ಲದರಲ್ಲಿ ನಿಜವಾಗಿ ಕಳೆದುಹೋಗುವುದು ಏನು ಎಂಬುದು ಅಲ್ಲೇ ಇದೆ. "ಒಟಿಪಿ ಯಾರಿಗೂ ಹೇಳಬೇಡಿ" ಎಂದು ಬ್ಯಾಂಕುಗಳೂ ಪೊಲೀಸರೂ ದಿನಾ ಹೇಳುತ್ತಾರೆ. ಆದರೆ ವೆಬ್‌ಸೈಟ್ ದಾರಿ ಕೊಡದಿದ್ದಾಗ ಕಣ್ಣು ಕಾಣದವರು ಏನು ಮಾಡುತ್ತಾರೆ? ಸೈಬರ್ ಸೆಂಟರಿಗೆ ಹೋಗುತ್ತಾರೆ, ಇಲ್ಲವೇ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. ಆಧಾರ್ ಸಂಖ್ಯೆ, ಪಾಸ್‌ವರ್ಡ್, ಬ್ಯಾಂಕ್ ಖಾತೆ, ಕೊನೆಗೆ ಒಟಿಪಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೂ ಪರದೆಯ ಮೇಲೆ ಆತ ಏನು ತುಂಬಿದ ಎಂದು ಇವರಿಗೆ ತಿಳಿಯುವುದಿಲ್ಲ, ತಪ್ಪು ತುಂಬಿ ಅರ್ಜಿ ತಿರಸ್ಕಾರವಾದರೆ ಏಕೆ ಎಂದೂ ತಿಳಿಯುವುದಿಲ್ಲ. "ಯಾರಾದರೂ ಸಹಾಯ ಮಾಡ್ತಾರೆ ಬಿಡಿ" ಎನ್ನುವವರು ತಮ್ಮ ಬ್ಯಾಂಕ್ ಖಾತೆಯನ್ನು ಹೀಗೆ ಬೇರೆಯವರ ಕೈಗೆ ಕೊಡುತ್ತಾರಾ ಎಂದು ನನಗೆ ಕೇಳಬೇಕೆನಿಸುತ್ತದೆ.

"ಕಣ್ಣು ಮಿಟುಕಿಸಿ"

ಆನ್‌ಲೈನ್ ಕೆವೈಸಿ ಮಾಡಿಸುವಾಗ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಎಂದು ಕೇಳುವುದನ್ನು ನೋಡಿರುತ್ತೀರಿ. ಎದುರಿಗಿರುವುದು ಫೋಟೋ ಅಲ್ಲ, ಜೀವಂತ ವ್ಯಕ್ತಿ ಎಂದು ಖಚಿತಪಡಿಸಿಕೊಳ್ಳುವ ವಿಧಾನ ಇದು. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗಳನ್ನೇ ಕಳೆದುಕೊಂಡವರು ಏನು ಮಾಡಬೇಕು?

ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಮತ್ತು ಇತರರು ಒಂದು ಅರ್ಜಿ ಹಾಕಿದರು; ದೃಷ್ಟಿ ಇಲ್ಲದ ವಕೀಲ ಅಮರ್ ಜೈನ್ ಇನ್ನೊಂದು ಹಾಕಿದರು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿತು. ಜೊತೆಗೆ 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನ ಇರಬೇಕು, ವೆಬ್‌ಸೈಟ್ ಮತ್ತು ಆ್ಯಪ್‌ಗಳನ್ನು ನಿಗದಿತ ಕಾಲಕ್ಕೆ ಪರಿಣತರಿಂದ ತಪಾಸಣೆ ಮಾಡಿಸಬೇಕು, ಪರೀಕ್ಷಿಸುವಾಗ ಕಣ್ಣು ಕಾಣದವರನ್ನೇ ಸೇರಿಸಿಕೊಳ್ಳಬೇಕು ಎಂಬುವು ಅವುಗಳಲ್ಲಿ ಕೆಲವು.

ಕನ್ನಡಕ್ಕೇ ಇರುವ ಒಂದು ತೊಡಕು

ಸರ್ಕಾರಿ ಕಡತದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದ್ದೀರಾ? ಹಾಕಿದ ಕೂಡಲೇ ಕನ್ನಡ ಮಾಯವಾಗಿ ಏನೇನೋ ಚಿಹ್ನೆಗಳು ಬಂದಿರುತ್ತವೆ. ಕಾರಣ ಹಳೆಯ ಫಾಂಟು. ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಪರದೆಯ ಮೇಲೆ "ಕನ್ನಡ" ಎಂದು ಕಾಣುವ ಪದದ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಕ್ಯೂ! ನಮಗೆ ಅದು ಕಾಪಿ ಮಾಡಿದಾಗ ಮಾತ್ರ ಗೊತ್ತಾಗುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಮೊದಲ ಸಾಲಿನಿಂದಲೇ ಕೇಳಿಸುವುದು ಅದೇ.

ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಈ ತೊಂದರೆ ಇಲ್ಲ. ನೀವೀಗ ಓದುತ್ತಿರುವುದೂ ಯುನಿಕೋಡ್. ಆದರೆ ಹಳೆಯ ಕಡತಗಳು ಹಾಗೇ ಉಳಿದಿವೆ. ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಪದ್ಧತಿ: ಕಂಪ್ಯೂಟರಿನಲ್ಲೇ ಟೈಪ್ ಮಾಡಿದ ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಸೀಲ್ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸುವುದು. ಆಗ ಅದು ಬರಹವಾಗಿ ಉಳಿಯುವುದಿಲ್ಲ, ಬರಹದ ಫೋಟೋ ಆಗುತ್ತದೆ. ಫೋಟೋದಿಂದ ಅಕ್ಷರ ಹಿಡಿಯುವ ಆ್ಯಪ್‌ಗಳಿವೆ ನಿಜ, ಆದರೆ ವಾರೆಯಾದ ಪುಟ, ಸೀಲಿನ ಕೆಳಗೆ ಸಿಕ್ಕ ಅಕ್ಷರ, ಕೋಷ್ಟಕದ ಗೆರೆ ಬಂದಾಗ ಅವು ಎಡವುತ್ತವೆ. ಆಯ್ಕೆ ಪಟ್ಟಿಯಲ್ಲಿ ತನ್ನ ಹೆಸರಿದೆಯಾ ಎಂದು ಹುಡುಕುವ ಅಭ್ಯರ್ಥಿಗೆ ಬೇಕಿರುವುದು ಆ ಕೋಷ್ಟಕವೇ. ಮುದ್ರಿಸುವ ಮೊದಲು ಕಂಪ್ಯೂಟರಿನಲ್ಲಿದ್ದ ಮೂಲ ಫೈಲನ್ನೂ ಸ್ಕ್ಯಾನ್ ಪ್ರತಿಯ ಪಕ್ಕದಲ್ಲಿ ಹಾಕಿದರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಇಷ್ಟೂ ಹೊತ್ತು ಕಣ್ಣಿನ ಬಗ್ಗೆಯೇ ಹೇಳಿದೆ. ಕಿವಿ ಕೇಳದವರಿಗೆ ತೊಡಕು ಬೇರೆ. "ತೊಂದರೆಯಾದರೆ ಈ ಸಹಾಯವಾಣಿಗೆ ಕರೆ ಮಾಡಿ" ಎನ್ನುವುದು ಅವರಿಗೆ ದಾರಿಯೇ ಅಲ್ಲ. ಎಸ್‌ಎಂಎಸ್ ಅಥವಾ ಚಾಟ್ ಬೇಕು. ಅರ್ಜಿ ತುಂಬುವುದು ಹೇಗೆಂದು ಹೇಳುವ ವಿಡಿಯೋಗೆ ಕೆಳಗೆ ಬರಹ ಬೇಕು. ಕೈ ನಡುಗುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಸಣ್ಣ ಬಟನ್ ಒತ್ತುವುದೇ ಕಷ್ಟ. ನಿಧಾನವಾಗಿ ತುಂಬುವವರು ಕೊನೆಯ ಚೌಕಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತು ಎಂದು ಪುಟ ಹಾರಿಹೋಗುತ್ತದೆ. ತಪ್ಪಾದ ಚೌಕವನ್ನು ಕೆಂಪು ಬಣ್ಣದಲ್ಲಿ ಮಾತ್ರ ತೋರಿಸಿದರೆ ಕೆಂಪು-ಹಸಿರು ಬಣ್ಣದ ವ್ಯತ್ಯಾಸ ತಿಳಿಯದವರಿಗೆ ಎಲ್ಲಿ ತಪ್ಪಿದೆ ಎಂದು ಗೊತ್ತಾಗುವುದಿಲ್ಲ.

ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಇಡುವ ಫ್ಯಾಷನ್ ಬಗ್ಗೆಯೂ ಒಂದು ಮಾತು. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಡಬ್ಲ್ಯುಸಿಎಜಿ ಎಂಬ ಮಾನದಂಡದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸ ಇರಬೇಕು ಎಂದಿದೆ. ಪೊರೆ ಬಂದ ಕಣ್ಣಿಗೆ ಇದು ಬೇಕೇ ಬೇಕು. ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಫೋನ್ ಹಿಡಿದು ನಿಂತ ನಿಮಗೂ ಬೇಕು.

ಮೂಲೆಯಲ್ಲಿ ಒಂದು ಐಕಾನ್ ಹಾಕಿದರೆ ಸಾಕಾ?

ಕೆಲವು ವೆಬ್‌ಸೈಟುಗಳ ಮೂಲೆಯಲ್ಲಿ ಕೈ ಚಾಚಿದ ಮನುಷ್ಯನ ಐಕಾನ್ ಇರುತ್ತದೆ. ಒತ್ತಿದರೆ ಅಕ್ಷರ ದೊಡ್ಡದು ಮಾಡಬಹುದು, ಬಣ್ಣ ಬದಲಿಸಬಹುದು. ಇದನ್ನು ಹಾಕಿದರೆ ವೆಬ್‌ಸೈಟ್ ಎಲ್ಲರಿಗೂ ಸುಗಮವಾಯಿತು ಎಂಬುದು ಈಗ ಹರಡಿರುವ ನಂಬಿಕೆ. ಇದು ತಪ್ಪು. ಅಕ್ಷರ ಹಿಗ್ಗಿಸುವುದನ್ನು ಫೋನೇ ಮಾಡುತ್ತದೆ. ಹೆಸರಿಲ್ಲದ ಬಟನ್, ಸ್ಕ್ಯಾನ್ ಮಾಡಿದ ಆದೇಶ, ಕ್ಯಾಪ್ಚಾ, ಇವು ಯಾವುವೂ ಅದರಿಂದ ನೆಟ್ಟಗಾಗುವುದಿಲ್ಲ. ಕೃತಕ ಬುದ್ಧಿಮತ್ತೆಯ ಇಂಥ ಉಪಕರಣ ಹಾಕಿದರೆ ಯಾವುದೇ ವೆಬ್‌ಸೈಟ್ ಮಾನದಂಡಕ್ಕೆ ಸರಿಹೊಂದುತ್ತದೆ ಎಂದು ಪ್ರಚಾರ ಮಾಡಿದ ಆಕ್ಸೆಸಿಬಿ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. 2025ರಲ್ಲಿ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕಾಯಿತು.

ಇನ್ನೊಂದು ನೆಪ ಖರ್ಚಿನದು. ಇದು 25 ವರ್ಷ ಹಳೆಯ ನೆಪ. 2000ದ ಸಿಡ್ನಿ ಒಲಿಂಪಿಕ್ಸ್‌ನ ವೆಬ್‌ಸೈಟನ್ನು ತಾನು ಓದಲಾಗುತ್ತಿಲ್ಲ ಎಂದು ಬ್ರೂಸ್ ಮ್ಯಾಗ್ವೈರ್ ಎಂಬ ದೃಷ್ಟಿ ಇಲ್ಲದ ವ್ಯಕ್ತಿ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿದ್ದರು. ಸರಿಪಡಿಸಲು 20 ಲಕ್ಷ ಡಾಲರಿಗೂ ಹೆಚ್ಚು ಬೇಕು ಎಂದು ಸಂಘಟಕರು ವಾದಿಸಿದರು. ತಜ್ಞರ ಸಾಕ್ಷ್ಯ ಕೇಳಿದ ಆಯೋಗ ಅದನ್ನು ಒಪ್ಪಲಿಲ್ಲ. ಸಂಘಟಕರು ಆದೇಶದಂತೆ ಸರಿಪಡಿಸದಿದ್ದಾಗ ಮ್ಯಾಗ್ವೈರ್ ಅವರಿಗೆ 20,000 ಡಾಲರ್ ಪರಿಹಾರ ಕೊಡಬೇಕೆಂದಿತು. ಕಟ್ಟಿ ಮುಗಿದ ಮನೆಗೆ ಆಮೇಲೆ ರ‍್ಯಾಂಪ್ ಹಾಕಿಸಲು ದುಡ್ಡು ಹೆಚ್ಚಾಗುತ್ತದೆ, ಒಪ್ಪೋಣ. ಹಾಗಾಗಿಯೇ ನಕ್ಷೆ ಹಾಕುವಾಗಲೇ ಅದು ಇರಬೇಕು. ಟೆಂಡರ್ ಕರೆಯುವಾಗಲೇ ಈ ಷರತ್ತು ಬರೆಯಬೇಕು, ಸ್ಕ್ರೀನ್ ರೀಡರ್ ಬಳಸುವವರು ಪರೀಕ್ಷಿಸಿ ಸರಿ ಎಂದ ಮೇಲೆಯೇ ಬಿಲ್ ಪಾಸಾಗಬೇಕು ಎಂಬುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ?

ಸರ್ಕಾರಿ ವೆಬ್‌ಸೈಟ್ ಹೇಗಿರಬೇಕು ಎಂಬ ಕೇಂದ್ರದ ಮಾರ್ಗಸೂಚಿ 2009ರಿಂದಲೂ ಇದೆ. ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. 2016ರ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಸರ್ಕಾರಿ ಇರಲಿ, ಖಾಸಗಿ ಇರಲಿ, ಸೇವೆ ಕೊಡುವವರೆಲ್ಲ ನಿಯಮ ಪ್ರಕಟವಾದ ಎರಡು ವರ್ಷದೊಳಗೆ ಸೇವೆಯನ್ನು ಸುಗಮಗೊಳಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ ಆ ಗಡುವು 2019ರಲ್ಲೇ ಮುಗಿದಿದೆ.

ಆದರೆ ಆ ನಿಯಮಗಳಲ್ಲೇ ಒಂದು ಸಡಿಲು ಇತ್ತು. 15ನೇ ನಿಯಮ ಬೇರೆ ಬೇರೆ ಮಾರ್ಗಸೂಚಿಗಳತ್ತ ಕೈ ತೋರಿಸುತ್ತಿತ್ತು, ಆ ಮಾರ್ಗಸೂಚಿಗಳು ಬಹುಪಾಲು ಸಲಹೆಯ ಧಾಟಿಯಲ್ಲಿದ್ದವು. ರಾಜೀವ್ ರತೂರಿ ಅವರು 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕಾಯ್ದೆ ಕಡ್ಡಾಯ ಎಂದಿರುವುದನ್ನು ನಿಯಮ ಬರೀ ಸಲಹೆಯಾಗಿ ಇಳಿಸುವಂತಿಲ್ಲ ಎಂದು ಹೇಳಿ 15ನೇ ನಿಯಮದ ಒಂದನೇ ಉಪನಿಯಮವನ್ನು ತಳ್ಳಿಹಾಕಿತು. ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ಹಾಕಲು 89ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ನಿಮ್ಮ ಫೋನಿನಲ್ಲೇ ಪರೀಕ್ಷಿಸಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಮೊದಲು ಆಫ್ ಮಾಡುವುದು ಹೇಗೆಂದು ತಿಳಿದುಕೊಂಡಿರಿ, ಇಲ್ಲದಿದ್ದರೆ ಫೋನ್ ಕೈಗೇ ಸಿಗುತ್ತಿಲ್ಲ ಎಂದು ಗಾಬರಿಯಾಗುತ್ತೀರಿ: ಅದೇ ಜಾಗಕ್ಕೆ ಹೋಗಿ ಒಮ್ಮೆ ಮುಟ್ಟಿ ಆಯ್ಕೆ ಮಾಡಿ, ಆಮೇಲೆ ಎರಡು ಸಲ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬಳಸಬೇಕು. ಈಗ ಕಣ್ಣು ಮುಚ್ಚಿ, ನೀವು ಯಾವಾಗಲೂ ಬಿಲ್ ಕಟ್ಟುವ ವೆಬ್‌ಸೈಟಿನಲ್ಲಿ ಬಿಲ್ ಮೊತ್ತ ಎಷ್ಟಿದೆ ಎಂದು ಹುಡುಕಿ ನೋಡಿ. ನಿಮಗೆ ರೂಢಿ ಇಲ್ಲ, ಹಾಗಾಗಿ ತಡವಾಗುವುದು ಸಹಜ. ಗಮನಿಸಬೇಕಾದ್ದು ಇಷ್ಟೇ: ಚೌಕಕ್ಕೆ ಬಂದಾಗ ಅದು ಯಾವುದರ ಚೌಕ ಎಂದು ಹೇಳುತ್ತದಾ? ಬಟನ್‌ಗೆ ಹೆಸರಿದೆಯಾ? ತಪ್ಪು ತುಂಬಿದರೆ ಏನು ತಪ್ಪು ಎಂದು ಬಾಯಿಬಿಟ್ಟು ಹೇಳುತ್ತದಾ?

ಟಾಕ್‌ಬ್ಯಾಕ್ ಹಾಕಿದಾಗಲೇ ನಿಮ್ಮ ಫ್ಯಾಮಿಲಿ ಗ್ರೂಪನ್ನೂ ತೆರೆಯಿರಿ. ಯೋಜನೆಯ ಮಾಹಿತಿ ಇರುವ ಪೋಸ್ಟರ್‌ಗೆ ಬಂದಾಗ ಅದು ಒಂದು ಫೋಟೋ ಎಂದಷ್ಟೇ ಗೊತ್ತಾಗುತ್ತದೆ. ಕೊನೆಯ ದಿನಾಂಕ, ಬೇಕಾದ ದಾಖಲೆ, ಲಿಂಕ್ ಯಾವುದೂ ಕೇಳಿಸುವುದು ಕಷ್ಟ. ಶುಭೋದಯದ ಜೊತೆ ಸಾಲಾಗಿ ಹಾಕಿದ ಕೈಮುಗಿಯುವ ಇಮೋಜಿಗಳನ್ನು ಮಾತ್ರ ಹೆಸರಿಡಿದು ಓದುತ್ತದೆ! ಪೋಸ್ಟರ್ ಫಾರ್ವರ್ಡ್ ಮಾಡುವಾಗ ಅದರಲ್ಲಿರುವ ಮುಖ್ಯ ಮಾಹಿತಿಯನ್ನು ಎರಡು ಸಾಲು ಟೈಪ್ ಮಾಡಿ ಜೊತೆಗೆ ಕಳಿಸಿ. ಟೈಪ್ ಮಾಡಲು ಬೇಜಾರಾದರೆ ವಾಯ್ಸ್ ಮೆಸೇಜ್ ಹಾಕಬಹುದು, ಆದರೆ ಆಗ ಕಿವಿ ಕೇಳದವರು ಹೊರಗುಳಿಯುತ್ತಾರೆ. ಟೈಪ್ ಮಾಡಿದ್ದು ಇಬ್ಬರಿಗೂ ಆಗುತ್ತದೆ.

ನಿಮ್ಮ ಮನೆಯಲ್ಲೋ ಊರಲ್ಲೋ ಯಾರಿಗಾದರೂ ವೆಬ್‌ಸೈಟಿನಿಂದ ಅರ್ಜಿ ಹಾಕಲು ಆಗದೆ ಹೋದರೆ ಮೊದಲು ಆ ಇಲಾಖೆಗೆ ಬರೆಯಿರಿ. ಉತ್ತರ ಬರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಇಂಥ ದೂರುಗಳನ್ನು ವಿಚಾರಿಸುವ ಅಧಿಕಾರವನ್ನು ಕಾಯ್ದೆಯ 80ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಕೇಂದ್ರದ ಸುಗಮ್ಯ ಭಾರತ್ ಆ್ಯಪ್‌ನಲ್ಲೂ ದೂರು ಹಾಕಬಹುದು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದರೆ ಅವರ ನೆರವು ಕೇಳಿ. ದೂರಿನಲ್ಲಿ "ವೆಬ್‌ಸೈಟ್ ಸರಿಯಿಲ್ಲ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಪುಟ, ಯಾವ ದಿನ, ಯಾವ ಫೋನ್, ಯಾವ ಸ್ಕ್ರೀನ್ ರೀಡರ್, ಎಷ್ಟನೇ ಚೌಕದಲ್ಲಿ ಅದು ಏನು ಹೇಳಿ ನಿಂತಿತು ಎಂದು ಬರೆಯಿರಿ. ಸಾಧ್ಯವಾದರೆ ಸ್ಕ್ರೀನ್ ರೆಕಾರ್ಡಿಂಗ್ ಲಗತ್ತಿಸಿ; ಅದರಲ್ಲಿ ಆಧಾರ್ ಸಂಖ್ಯೆ, ಒಟಿಪಿ ಕಾಣದಂತೆ, ಕೇಳಿಸದಂತೆ ನೋಡಿಕೊಳ್ಳಿ.